ಕಾಲು ತೊಳೆಯುತ್ತೇವೆ, ನೋಡುವುದಿಲ್ಲ

ಇಂದು ಅಸರ್ ನಮಾಝಿಗೆ ವುಝೂ ಮಾಡುವಾಗ ನೀವು ಕಾಲು ತೊಳೆದಿರಿ. ಪಾದದ ಅಡಿಭಾಗವನ್ನು ನೋಡಿದಿರಾ? ಸಕ್ಕರೆ ಕಾಯಿಲೆ ಇರುವವರನ್ನೇ ಈ ಪ್ರಶ್ನೆ ಕೇಳುತ್ತಿದ್ದೇನೆ. ದಿನಕ್ಕೆ ಐದು ಬಾರಿ ಕಾಲು ತೊಳೆಯುವವರ ಪಾದದಲ್ಲೂ ಹುಣ್ಣಾಗಿ, ವಾಸನೆ ಬರುವವರೆಗೆ ಯಾರಿಗೂ ಗೊತ್ತಾಗದೆ ಹೋಗುವುದುಂಟು. ಸುದ್ದಿ ಮುಟ್ಟಿಸಬೇಕಾದ ನರವೇ ಸುಮ್ಮನಾಗಿರುತ್ತದೆ.

ನಮ್ಮ ನರವ್ಯೂಹಕ್ಕೆ ಮೆದುಳು ಮತ್ತು ಬೆನ್ನುಹುರಿ ಕೇಂದ್ರ. ಅಲ್ಲಿಂದ ಚರ್ಮ, ಸ್ನಾಯು, ಕರುಳುಗಳ ತನಕ ನರಗಳು ಹರಡಿವೆ. ಕಾಲಿನ ಹೆಬ್ಬೆರಳ ಸ್ಪರ್ಶವನ್ನು ಒಯ್ಯುವ ತಂತು ಬೆನ್ನಿನ ಕೆಳಭಾಗದಲ್ಲಿ, ಬೆನ್ನುಹುರಿಯ ಪಕ್ಕದ ನರಗಂಟಿನಲ್ಲಿರುವ ಒಂದು ಜೀವಕೋಶದ್ದು. ಕೂದಲಿಗಿಂತ ಎಷ್ಟೋ ತೆಳು, ಉದ್ದ ಮಾತ್ರ ಸುಮಾರು 1 ಮೀಟರ್! ಕೆಂಡ ತುಳಿದಾಗ ಕಾಲೆಳೆದುಕೊಳ್ಳುವ ಆಜ್ಞೆ ಬೆನ್ನುಹುರಿಯಿಂದಲೇ ಹೊರಡುತ್ತದೆ. ಉರಿ ಮೆದುಳಿಗೆ ಅರಿವಾಗುವಷ್ಟರಲ್ಲಿ ಕಾಲು ಮೇಲೆದ್ದಿರುತ್ತದೆ. ನೋವನ್ನು ನಾವು ಶಪಿಸುತ್ತೇವೆ. ಅದು ಅಲ್ಲಾಹನು ಕೊಟ್ಟ ಎಂಥ ಕಾವಲು ಎಂಬುದು ಅದನ್ನು ಕಳೆದುಕೊಂಡವರ ಪಾದ ನೋಡಿದರೆ ತಿಳಿಯುತ್ತದೆ.

ವರ್ಷಗಟ್ಟಲೆ ಹತೋಟಿಗೆ ಬಾರದ ಸಕ್ಕರೆಯಂಶವು ನರಗಳನ್ನೂ ಅವುಗಳಿಗೆ ರಕ್ತ ಒದಗಿಸುವ ಸಣ್ಣ ನಾಳಗಳನ್ನೂ ಕೆಡಿಸುತ್ತದೆ. ತಂತುವಿಗೆ ಬೇಕಾದ ಸಾಮಗ್ರಿಯಲ್ಲಿ ಹೆಚ್ಚಿನದು ಆ ಮೂಲ ಜೀವಕೋಶದಿಂದಲೇ ಸಾಗಿ ಬರಬೇಕು. ಆದ್ದರಿಂದ ಅತಿ ಉದ್ದದ ನರದ ತುದಿ, ಅಂದರೆ ಕಾಲ್ಬೆರಳು, ಮೊದಲು ಸೋಲುತ್ತದೆ. ಆರಂಭದಲ್ಲಿ ಜೋಮು, ರಾತ್ರಿ ಪಾದದಲ್ಲಿ ಉರಿ, ಹತ್ತಿಯ ಮೇಲೆ ನಡೆದಂತಹ ಅನುಭವ. ಮುಂದೆ ಹವಾಯಿ ಚಪ್ಪಲಿ ಕಾಲಿನಿಂದ ಜಾರಿ ಬಿದ್ದರೂ ತಿಳಿಯುವುದಿಲ್ಲ. ಉರಿ ಕಡಿಮೆಯಾಯಿತೆಂದು ಔಷಧ ಬಿಟ್ಟವರುಂಟು. ನರ ಪೂರ್ತಿ ಸೋತಾಗಲೂ ಉರಿ ನಿಲ್ಲುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ. ಬೆವರಿಸುವ ನರಗಳೂ ಕೆಡುವುದರಿಂದ ಹಿಮ್ಮಡಿ ಒಣಗಿ ಬಿರಿಯುತ್ತದೆ, ಬಿರುಕಿನಲ್ಲಿ ಸೋಂಕು ಹೊಕ್ಕುತ್ತದೆ.

ಕಾಲ್ಬೆರಳುಗಳ ನಡುವೆ ಕೈಬೆರಳು ಆಡಿಸಿ ತೊಳೆಯುವುದು ಸುನ್ನತ್. ನನ್ನ ಕೋರಿಕೆ ಇಷ್ಟೇ: ಆಗ ಒಂದು ಕ್ಷಣ ಕಣ್ಣನ್ನೂ ಅಲ್ಲಿಗೆ ತನ್ನಿ. ಗುಳ್ಳೆ, ಬಿರುಕು, ಬಣ್ಣದ ಬದಲಾವಣೆ ಇದೆಯೇ ನೋಡಿ. ಬಳಿಕ ಬೆರಳ ಸಂದುಗಳನ್ನು ಬಟ್ಟೆಯಿಂದ ಒರೆಸಿ. ಅಲ್ಲಿ ನಿಂತ ತೇವದಲ್ಲಿ ಶಿಲೀಂಧ್ರ ಬೆಳೆಯುತ್ತದೆ. ಹಿಮ್ಮಡಿಗೆ ಎಣ್ಣೆ ಹಚ್ಚಬಹುದು, ಸಂದುಗಳಿಗೆ ಬೇಡ. ಚಳಿಗಾಲದ ಸುಬುಹಿಗೆ ಕಾಯಿಸಿದ ನೀರಿನ ಬಿಸಿಯನ್ನು ಕಾಲಿನಿಂದ ಪರೀಕ್ಷಿಸಬೇಡಿ, ಮೊಣಕೈಯಿಂದ ನೋಡಿ. ಆಣಿಯನ್ನು ಬ್ಲೇಡಿನಿಂದ ಕೊಯ್ಯುವ ಸಾಹಸವಂತೂ ಬೇಡವೇ ಬೇಡ.

ಗಾಯಕ್ಕೆ ಪಟ್ಟಿ ಕಟ್ಟಿಸಿಕೊಂಡು ಬಂದು, ವುಝೂಗಾಗಿ ಪ್ರತಿ ಬಾರಿಯೂ ಬಿಚ್ಚಿ ತೊಳೆಯುವ ಹಿರಿಯರ ಭಕ್ತಿಯನ್ನು ನಾನು ಗೌರವಿಸುತ್ತೇನೆ. ಆದರೆ ಅದು ಗಾಯ ಮಾಯಲು ಬಿಡುವುದಿಲ್ಲ. ಪಟ್ಟಿಯ ಮೇಲೆ ಒದ್ದೆ ಕೈಯಿಂದ ಸವರುವ ರಿಯಾಯಿತಿ ಶರೀಅತ್‌ನಲ್ಲಿದೆ. ವೈದ್ಯರ ಮಾತನ್ನು ನಂಬದ ಅಜ್ಜನೂ ಇಮಾಮರ ಮಾತು ಕೇಳುತ್ತಾರೆ. ಜುಮಾ ದಿನ ಅವರು ಇದನ್ನು ವಿವರಿಸಿದರೆ ಎಷ್ಟೋ ಕಾಲುಗಳು ಉಳಿಯಬಹುದು.

ಹಜ್ಜ್, ಉಮ್ರಾಕ್ಕೆ ಹೊರಟವರಿಗೂ ಒಂದು ಮಾತು. ಮಕ್ಕಾದ ಬಿಸಿಲಿಗೆ ಕಾದ ನೆಲದಲ್ಲಿ ಬರಿಗಾಲಲ್ಲಿ ನಡೆದು, ಅರಿವಿಲ್ಲದೆ ಪಾದ ಸುಟ್ಟುಕೊಂಡ ಮಧುಮೇಹಿ ಯಾತ್ರಿಕರ ಬಗ್ಗೆ ಅಲ್ಲಿನ ವೈದ್ಯರು ಬರೆದಿದ್ದಾರೆ. ಇಹ್ರಾಮಿನಲ್ಲೂ ಚಪ್ಪಲಿಗೆ ಅನುಮತಿ ಇದೆ. ಅದನ್ನು ಬಾಗಿಲಲ್ಲಿ ಬಿಟ್ಟು ಕಳೆದುಕೊಳ್ಳುವ ಬದಲು ಚೀಲದಲ್ಲಿಟ್ಟು ಜೊತೆಗೆ ಒಯ್ಯಿರಿ.

ನಮ್ಮ ಮಸೀದಿಗಳಲ್ಲಿ ಶುಗರ್ ತಪಾಸಣಾ ಶಿಬಿರಗಳು ನಡೆಯುತ್ತವೆ. ಬೆರಳು ಚುಚ್ಚಿ, ಚೀಟಿಯಲ್ಲಿ ಸಂಖ್ಯೆ ಬರೆದು ಕಳುಹಿಸುತ್ತಾರೆ. ಸಾಕ್ಸ್ ಬಿಚ್ಚಿಸಿ ಕಾಲು ನೋಡುವುದು ಅಪರೂಪ. ನೈಲಾನ್ ಎಳೆಯನ್ನು ಪಾದಕ್ಕೆ ಒತ್ತಿ ಸ್ಪರ್ಶ ತಿಳಿಯುತ್ತದೆಯೇ ಎಂದು ನೋಡುವ ಪರೀಕ್ಷೆಗೆ ಕೆಲವೇ ನಿಮಿಷ ಸಾಕು, ವರ್ಷಕ್ಕೊಮ್ಮೆಯಾದರೂ ಆಗಬೇಕು. ಮುಂದಿನ ಶಿಬಿರದಲ್ಲಿ ಅದನ್ನೂ ಸೇರಿಸುವಂತೆ ಕಮಿಟಿಯವರನ್ನು ಕೇಳಿ. ಅಲ್ಲಿಯವರೆಗೆ ವುಝೂ ಮಾಡುವಲ್ಲಿ ಒಳ್ಳೆಯ ಬೆಳಕು, ಕೂರಲು ಒಂದು ಆಸನ ಇರಲಿ. ಬಗ್ಗಲಾಗದ ತಾಯಂದಿರು ಮನೆಯಲ್ಲಿ ನೆಲದ ಮೇಲೆ ಕನ್ನಡಿಯಿಟ್ಟು ಅಂಗಾಲು ನೋಡಿಕೊಳ್ಳಬಹುದು. ಕಣ್ಣು ಮಂಜಾಗಿದ್ದರೆ ಮೊಮ್ಮಕ್ಕಳನ್ನು ಕರೆಯಲಿ.