ಪ್ರಶ್ನೆ ಉದ್ಭವಿಸುವುದಿಲ್ಲ

2020ರ ಸೆಪ್ಟೆಂಬರ್ 14, ಕೊರೋನಾ ಕಾಲದ ಮುಂಗಾರು ಅಧಿವೇಶನದ ಮೊದಲ ದಿನ. ಲೋಕಸಭೆಯಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ಒಂದು ಪ್ರಶ್ನೆ ಬಂದಿತ್ತು. ಲಾಕ್‌ಡೌನಿನಲ್ಲಿ ಊರಿಗೆ ಮರಳುವಾಗ ಅನೇಕ ವಲಸೆ ಕಾರ್ಮಿಕರು ಪ್ರಾಣ ಕಳೆದುಕೊಂಡದ್ದು ಸರ್ಕಾರಕ್ಕೆ ಗೊತ್ತಿದೆಯೇ, ಗೊತ್ತಿದ್ದರೆ ವಿವರವೇನು, ಅವರ ಕುಟುಂಬಗಳಿಗೆ ಪರಿಹಾರ ಕೊಡಲಾಗಿದೆಯೇ ಎಂಬುದು ಅದರ ಸಾರ. ಸಚಿವಾಲಯದ ಲಿಖಿತ ಉತ್ತರ ತೀರ ಚಿಕ್ಕದು. ಅಂಥ ಅಂಕಿ-ಅಂಶವನ್ನು ಇಟ್ಟಿಲ್ಲ. ಆದ್ದರಿಂದ ಪರಿಹಾರದ ಪ್ರಶ್ನೆ ಉದ್ಭವಿಸುವುದಿಲ್ಲ. ಊರಿಗೆ ಮರಳಿದವರು ಎಷ್ಟು ಎಂಬ ಲೆಕ್ಕ ಮಾತ್ರ ಅದೇ ಸಚಿವಾಲಯದ ಬಳಿ ಇತ್ತು: 1 ಕೋಟಿಗೂ ಹೆಚ್ಚು.

ಈ ಉತ್ತರದ ಬಗ್ಗೆ ಎರಡು ಮೂರು ದಿನ ಪತ್ರಿಕೆಗಳಲ್ಲಿ ಸಿಟ್ಟು ಕಾಣಿಸಿತು. ಆಮೇಲೆ ಬೇರೆ ಸುದ್ದಿ ಬಂತು. ಆದರೆ ಆ ಎರಡು ವಾಕ್ಯಗಳ ವ್ಯಾಕರಣವನ್ನು ಕೊಂಚ ನಿಂತು ನೋಡಬೇಕು. ಜನಪ್ರತಿನಿಧಿಗಳು ಸರ್ಕಾರವನ್ನು ಪ್ರಶ್ನಿಸುವ ವ್ಯವಸ್ಥೆ ಎಲ್ಲಿ ಸೋಲುತ್ತದೆ ಎಂಬುದು ಅದರಲ್ಲಿಯೇ ಇದೆ.

‘ಇಡಲಾಗಿಲ್ಲ’, ‘ಸಂಗ್ರಹಿಸಲಾಗುತ್ತಿದೆ’, ‘ಕ್ರಮ ಕೈಗೊಳ್ಳಲಾಗುವುದು’ ಎಂಬ ಕರ್ಮಣಿ ಪ್ರಯೋಗಗಳು ಮನೆಯ ಕನ್ನಡದಲ್ಲಿ ಕೇಳಿಬರುವುದೇ ಅಪರೂಪ. ‘ಹಾಲು ತರಲಾಗಿಲ್ಲ’ ಎಂದು ಯಾವ ಮನೆಯಲ್ಲೂ ಯಾರೂ ಹೇಳುವುದಿಲ್ಲ. ಯಾರೋ ತರಬೇಕಿತ್ತು, ಅವರು ತರಲಿಲ್ಲ, ಅಷ್ಟೆ. ಕಚೇರಿಯ ಭಾಷೆಯಲ್ಲಿ ಈ ಪ್ರಯೋಗ ಬೇರೂರಿರುವುದು ಕರ್ತೃವನ್ನು ಹೇಳದೆ ವಾಕ್ಯ ಮುಗಿಸಬಹುದು ಎಂಬ ಕಾರಣಕ್ಕೆ. ‘ಉದ್ಭವಿಸುವುದಿಲ್ಲ’ ಎಂಬುದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಉದ್ಭವ ಮೂರ್ತಿ ಎಂದರೆ ಯಾರೂ ಕೆತ್ತದ, ಯಾರೂ ಪ್ರತಿಷ್ಠಾಪಿಸದ, ತಾನಾಗಿಯೇ ನೆಲದಿಂದ ಎದ್ದ ಮೂರ್ತಿ. ಸದನದ ಪ್ರಶ್ನೆ ಹಾಗೆ ಏಳುವುದಿಲ್ಲ. ಲಕ್ಷಾಂತರ ಮತದಾರರು ಆರಿಸಿ ಕಳಿಸಿದ ಒಬ್ಬ ವ್ಯಕ್ತಿ ಅದನ್ನು ಬರೆದು, ಸಹಿ ಹಾಕಿ, ನೋಟಿಸ್ ಕೊಟ್ಟು ಕೇಳಿರುತ್ತಾರೆ. ಕೇಳಿಯಾದ ಪ್ರಶ್ನೆ ಹುಟ್ಟಿಯೇ ಇಲ್ಲ ಎನ್ನುವುದು ವಿಚಿತ್ರ ಉತ್ತರ.

ಇದು ದೆಹಲಿಯ ರೋಗವಷ್ಟೇ ಅಲ್ಲ. ಕರ್ನಾಟಕ ವಿಧಾನಮಂಡಲದ ಪ್ರಶ್ನೋತ್ತರಗಳನ್ನು ಓದಿದವರಿಗೆ ಅಲ್ಲಿನ ಮಾದರಿಯ ಪರಿಚಯವಿರುತ್ತದೆ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. (ಅ) ಇಂಥ ಸಮಸ್ಯೆ ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಬಂದಿದ್ದಲ್ಲಿ, ಸರ್ಕಾರ ಕೈಗೊಂಡ ಕ್ರಮಗಳೇನು? (ಇ) ಇದಕ್ಕಾಗಿ ಬಿಡುಗಡೆ ಮಾಡಿದ ಅನುದಾನವೆಷ್ಟು? ಮೊದಲನೆಯದಕ್ಕೆ ‘ಬಂದಿರುವುದಿಲ್ಲ’ ಎಂದು ಬರೆದರೆ ಮುಗಿಯಿತು. ಉಳಿದೆರಡರ ಎದುರು ‘ಉದ್ಭವಿಸುವುದಿಲ್ಲ’ ಎಂದು ಬೀಳುತ್ತದೆ. ಏಣಿಯ ಮೊದಲ ಮೆಟ್ಟಿಲು ಕಿತ್ತರೆ ಉಳಿದ ಮೆಟ್ಟಿಲುಗಳಿಗೆ ಕಾಲೇ ಎಟುಕುವುದಿಲ್ಲ.

ಇಲ್ಲಿ ಕೇಳುವವರ ತಪ್ಪೂ ಇದೆ. ಹೌದು-ಇಲ್ಲ ಎಂಬ ಉತ್ತರ ಬೇಡುವ ಪ್ರಶ್ನೆಗೂ, ಯಾರು-ಎಷ್ಟು-ಯಾವಾಗ ಎಂಬ ಪ್ರಶ್ನೆಗೂ ಬಹಳ ಅಂತರವಿದೆ. ‘ಸಾವುಗಳು ಗೊತ್ತೇ?’ ಎಂದರೆ ‘ಇಲ್ಲ’ ಎನ್ನಬಹುದು. ‘ಸಾವುಗಳ ಲೆಕ್ಕ ಇಡಬೇಕಾದ ಅಧಿಕಾರಿ ಯಾರು?’ ಎಂದರೆ ‘ಇಲ್ಲ’ ಎನ್ನುವುದು ಕಷ್ಟ. ಅದೇ 2020ರ ಸೆಪ್ಟೆಂಬರಿನಲ್ಲಿ, ಕಾರ್ಮಿಕ ಸಚಿವಾಲಯ ಕೈಚೆಲ್ಲಿದ ಕೆಲವೇ ದಿನಗಳಲ್ಲಿ, ರಾಜ್ಯಸಭೆಯಲ್ಲಿ ಡೆರೆಕ್ ಒಬ್ರಿಯಾನ್ ಅವರ ಪ್ರಶ್ನೆಗೆ ರೈಲ್ವೆ ಸಚಿವಾಲಯ ಒಂದು ಸಂಖ್ಯೆ ಕೊಟ್ಟಿತು: ಶ್ರಮಿಕ್ ವಿಶೇಷ ರೈಲುಗಳಲ್ಲಿ ಸೆಪ್ಟೆಂಬರ್ 9ರವರೆಗೆ ಸತ್ತವರು 97 ಮಂದಿ. ಆಧಾರ, ರಾಜ್ಯಗಳ ಪೊಲೀಸರು ಕೊಟ್ಟ ಮಾಹಿತಿ. ಅಂದರೆ ಲೆಕ್ಕ ಎಲ್ಲಿಯೂ ಇರಲಿಲ್ಲ ಎಂದಲ್ಲ. ಪ್ರಶ್ನೆ ಕಿರಿದಾಗಿ, ಸರಿಯಾದ ಬಾಗಿಲಿಗೆ ಹೋದಾಗ ಉತ್ತರ ಸಿಕ್ಕಿತು. ರೈಲು ಹತ್ತದೆ ನಡೆದು ಹೊರಟವರು, ಮೇ 8ರ ಬೆಳಗಿನ ಜಾವ ಔರಂಗಾಬಾದಿನ ಬಳಿ ಹಳಿಯ ಮೇಲೆ ಮಲಗಿದ್ದಾಗ ಗೂಡ್ಸ್ ರೈಲಿಗೆ ಸಿಕ್ಕ 16 ಮಂದಿಯಂಥವರು, ಆ 97ರಲ್ಲಿ ಇಲ್ಲ.

ಅಷ್ಟಕ್ಕೂ ಲೆಕ್ಕ ಇಡಬೇಕೆಂಬ ಕಾನೂನು ಆಗ ಜಾರಿಯಲ್ಲಿತ್ತು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯ ಪ್ರಕಾರ, ಬೇರೆ ರಾಜ್ಯದಿಂದ ಐದು ಅಥವಾ ಹೆಚ್ಚು ಕೂಲಿಗಳನ್ನು ಕರೆತರುವ ಗುತ್ತಿಗೆದಾರ ಲೈಸೆನ್ಸ್ ಪಡೆಯಬೇಕು, ಕಾರ್ಮಿಕರ ವಿವರವನ್ನು ಎರಡೂ ರಾಜ್ಯಗಳಿಗೆ ಕೊಡಬೇಕು, ಪ್ರತಿಯೊಬ್ಬರಿಗೂ ಪಾಸ್‌ಬುಕ್ ಮಾಡಿಸಬೇಕು. ಯಾದಗಿರಿ, ಕಲಬುರಗಿ, ರಾಯಚೂರಿನಿಂದ ಪುಣೆ, ಮುಂಬೈ, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಬಂದವರಲ್ಲಿ ಅಂಥ ಪಾಸ್‌ಬುಕ್ ಕಂಡವರು ಎಷ್ಟು ಮಂದಿ ಎಂದು ಯಾವ ಸೈಟಿನಲ್ಲಾದರೂ ಕೇಳಿ ನೋಡಬಹುದು. ‘ಅಂಕಿ-ಅಂಶ ಇಟ್ಟಿಲ್ಲ’ ಎಂಬ ಉತ್ತರ ಕೇಳುವುದಕ್ಕೆ ಅಸಹಾಯಕತೆಯ ಮಾತಿನಂತಿದೆ. ಈ ಕಾಯ್ದೆಯ ಪಕ್ಕದಲ್ಲಿಟ್ಟು ನೋಡಿದರೆ ಅದು ಕರ್ತವ್ಯ ಮಾಡಿಲ್ಲ ಎಂಬ ಒಪ್ಪಿಗೆ. ಅದನ್ನು ಒಪ್ಪಿಗೆಯೆಂದು ತೋರಿಸಲು ಇನ್ನೊಂದೇ ಪ್ರಶ್ನೆ ಸಾಕಿತ್ತು. ಆ ಪ್ರಶ್ನೆ ಕೇಳಲು ಅಲ್ಲಿ ಅವಕಾಶವಿರಲಿಲ್ಲ.

ಯಾಕೆ ಇರಲಿಲ್ಲ ಎಂಬುದಕ್ಕೆ ಪ್ರಶ್ನೋತ್ತರ ವೇಳೆ ಹೇಗೆ ನಡೆಯುತ್ತದೆ ಎಂದು ನೋಡಬೇಕು. ಲೋಕಸಭೆಯಲ್ಲಿ ಬೆಳಿಗ್ಗೆ 11ರಿಂದ 12, ರಾಜ್ಯಸಭೆಯಲ್ಲಿ 2014ರ ಚಳಿಗಾಲದಿಂದ ಮಧ್ಯಾಹ್ನ 12ರಿಂದ 1. ಸದಸ್ಯರು ಕನಿಷ್ಠ 15 ದಿನ ಮೊದಲು ನೋಟಿಸ್ ಕೊಡಬೇಕು; ಬಂದ ನೋಟಿಸ್‌ಗಳಲ್ಲಿ ಚೀಟಿ ಎತ್ತಿ ಸರದಿ ಗೊತ್ತುಮಾಡುತ್ತಾರೆ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು, 230 ಚುಕ್ಕೆ ಗುರುತಿಲ್ಲದವು. ಚುಕ್ಕೆ ಇಲ್ಲದವಕ್ಕೆ ಕಾಗದದ ಮೇಲೆ ಉತ್ತರ, ಅಲ್ಲಿಗೆ ಮುಕ್ತಾಯ. ಚುಕ್ಕೆ ಇದ್ದರೆ ಸಚಿವರು ಎದ್ದು ನಿಂತು ಉತ್ತರಿಸಬೇಕು. ಕೇಳಿದವರು ಆ ಉತ್ತರವನ್ನು ಹಿಡಿದು ಪೂರಕ ಪ್ರಶ್ನೆ ಕೇಳಬಹುದು, ಆಮೇಲೆ ಸ್ಪೀಕರ್ ಅನುಮತಿಯಿಂದ ಬೇರೆ ಪಕ್ಷದವರೂ ಕೇಳಬಹುದು. ಮೊದಲ ಉತ್ತರವನ್ನು ಅಧಿಕಾರಿಗಳು ವಾರಗಟ್ಟಲೆ ಕೂತು ಸಿದ್ಧಪಡಿಸಿರುತ್ತಾರೆ. ಪೂರಕ ಪ್ರಶ್ನೆಗೆ ಸಚಿವರೇ ಉತ್ತರಿಸಬೇಕು. ಇಲಾಖೆಯನ್ನು ಅವರು ಅರಿತಿದ್ದಾರೆಯೇ ಇಲ್ಲವೇ ಎಂಬುದು ಆ ಒಂದು ನಿಮಿಷದಲ್ಲಿ ಇಡೀ ಸದನಕ್ಕೆ ತಿಳಿದುಬಿಡುತ್ತದೆ.

ಈ ಎರಡನೆಯ ಪ್ರಶ್ನೆಯ ಬೆಲೆ ಬ್ರಿಟಿಷರಿಗೆ ಚೆನ್ನಾಗಿ ಗೊತ್ತಿತ್ತು. 1892ರ ಕೌನ್ಸಿಲ್ ಕಾಯ್ದೆ ಭಾರತದ ಶಾಸನಸಭೆಗಳ ಸದಸ್ಯರಿಗೆ ಪ್ರಶ್ನೆ ಕೇಳುವ ಹಕ್ಕು ಕೊಟ್ಟಿತು. ಪೂರಕ ಪ್ರಶ್ನೆಯ ಹಕ್ಕನ್ನು ಕೊಡಲಿಲ್ಲ. ಅದಕ್ಕೆ 1909ರ ಸುಧಾರಣೆಯವರೆಗೆ ಕಾಯಬೇಕಾಯಿತು. ಆಗಲೂ ಮೂಲ ಪ್ರಶ್ನೆ ಕೇಳಿದವರಿಗೆ ಮಾತ್ರ. ಯಾವ ಸದಸ್ಯರಾದರೂ ಪೂರಕ ಪ್ರಶ್ನೆ ಕೇಳಬಹುದೆಂದಾದದ್ದು 1919ರ ಸುಧಾರಣೆಯ ನಂತರ. ಆಳುವವರು ಮೊದಲ ಪ್ರಶ್ನೆಯನ್ನು ಬೇಗ ಬಿಟ್ಟುಕೊಟ್ಟರು, ಎರಡನೆಯದನ್ನು ಕೈಬಿಡಲು ಇಷ್ಟು ವರ್ಷ ತೆಗೆದುಕೊಂಡರು. 2020ರ ಮುಂಗಾರು ಅಧಿವೇಶನದಲ್ಲಿ ಸೋಂಕಿನ ಕಾರಣ ಕೊಟ್ಟು ಪ್ರಶ್ನೋತ್ತರ ವೇಳೆಯನ್ನು ಕೈಬಿಟ್ಟರು, ಲಿಖಿತ ಉತ್ತರಗಳನ್ನು ಮಾತ್ರ ಉಳಿಸಿದರು. ಸದನ ಸೇರಿತು, ಮಸೂದೆಗಳು ಪಾಸಾದವು. ಮೇಲೆ ಹೇಳಿದ 1979ರ ಕಾಯ್ದೆಯನ್ನು ರದ್ದುಮಾಡಿ ತನ್ನೊಳಗೆ ಸೇರಿಸಿಕೊಳ್ಳುವ ಕಾರ್ಮಿಕ ಸಂಹಿತೆಯೂ ಅದೇ ಅಧಿವೇಶನದಲ್ಲಿ ಪಾಸಾಯಿತು. ಆದರೆ ಸಚಿವರನ್ನು ಪ್ರಶ್ನಿಸುವ ವಿಷಯದಲ್ಲಿ ಆ ಒಂದು ಅಧಿವೇಶನದ ಮಟ್ಟಿಗೆ ಸದಸ್ಯರಿಗೆ ಉಳಿದದ್ದು ಹೆಚ್ಚುಕಡಿಮೆ 1892ರ ಹಕ್ಕು.

ದುಡ್ಡಿನ ವಿಷಯದಲ್ಲಿ ಇದು ಇನ್ನೂ ಗಂಭೀರ. ಬಜೆಟ್ಟಿನ ಬೇಡಿಕೆಗಳನ್ನು ಇಲಾಖೆವಾರು ಚರ್ಚಿಸಿ ಒಪ್ಪುವುದು ಸದನದ ಕೆಲಸ. ಸಮಯ ಮುಗಿದಾಗ ಉಳಿದವನ್ನು ಒಟ್ಟಿಗೆ ಮತಕ್ಕೆ ಹಾಕುವುದಕ್ಕೆ ಗಿಲೊಟಿನ್ ಎನ್ನುತ್ತಾರೆ. 2018ರಲ್ಲಿ, ಮತ್ತೆ 2023ರಲ್ಲಿ, ಗದ್ದಲದ ನಡುವೆ ಲೋಕಸಭೆ ಎಲ್ಲ ಇಲಾಖೆಗಳ ಬೇಡಿಕೆಗಳನ್ನೂ ಚರ್ಚೆಯಿಲ್ಲದೆ ಹಾಗೆ ಪಾಸು ಮಾಡಿತು. 2023ರಲ್ಲಿ ಆ ಮೊತ್ತ ಸುಮಾರು 45 ಲಕ್ಷ ಕೋಟಿ ರೂಪಾಯಿ. ಖರ್ಚಾದ ಮೇಲೆ ಸಿಎಜಿ ವರದಿ ಬರುತ್ತದೆ, ಲೆಕ್ಕಪತ್ರ ಸಮಿತಿ ಕೂರುತ್ತದೆ. ಆ ಹೊತ್ತಿಗೆ ವರ್ಷಗಳು ಕಳೆದಿರುತ್ತವೆ. ಹಣ ಖರ್ಚಾಗುತ್ತಿರುವಾಗಲೇ ಸಚಿವರನ್ನು ನಿಲ್ಲಿಸಿ ಕೇಳಲು ಒಬ್ಬ ಸಾಮಾನ್ಯ ಸದಸ್ಯನಿಗೆ ಇರುವ ಮುಖ್ಯ ದಾರಿ ಪ್ರಶ್ನೋತ್ತರ ವೇಳೆಯೇ.

ಅದು ಕೆಲಸ ಮಾಡಿದ ಉದಾಹರಣೆಯೂ ಇದೆ. 1957ರಲ್ಲಿ ಆಗಷ್ಟೇ ರಾಷ್ಟ್ರೀಕರಣಗೊಂಡಿದ್ದ ಜೀವ ವಿಮಾ ನಿಗಮ, ಹರಿದಾಸ್ ಮುಂದ್ರಾ ಎಂಬ ಉದ್ಯಮಿಯ ಆರು ಕಂಪನಿಗಳ ಷೇರುಗಳಲ್ಲಿ ಸುಮಾರು 1 ಕೋಟಿ 24 ಲಕ್ಷ ರೂಪಾಯಿ ಹಾಕಿತ್ತು. ಸದನದಲ್ಲಿ ಪ್ರಶ್ನೆ ಬಂತು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರ ಬಂತು. ಸದಸ್ಯರು ಬಿಡಲಿಲ್ಲ. ಫಿರೋಜ್ ಗಾಂಧಿ ಆಳುವ ಪಕ್ಷದವರು, ಪ್ರಧಾನಿ ನೆಹರೂ ಅವರ ಅಳಿಯ. ಅವರೇ ದಾಖಲೆ ಹಿಡಿದು ನಿಂತರು. ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ಆಯೋಗ ಬೊಂಬಾಯಿಯಲ್ಲಿ ಬಹಿರಂಗ ವಿಚಾರಣೆ ನಡೆಸಿತು. 1958ರ ಫೆಬ್ರುವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಪಾಲಿಸಿದಾರರ ದುಡ್ಡಿನ ಬಗ್ಗೆ ಕೇಳಿದ ಪ್ರಶ್ನೆ ಒಬ್ಬ ಪ್ರಬಲ ಸಚಿವರನ್ನು ಕುರ್ಚಿಯಿಂದ ಇಳಿಸಿತು.

ಸರ್ಕಾರದ ಪರವಾಗಿಯೂ ಹೇಳಬೇಕಾದ ಮಾತಿದೆ. ಆರೋಗ್ಯ ರಾಜ್ಯಗಳ ವಿಷಯ. ರಾಜ್ಯಗಳು ಕೊಡದ ಮಾಹಿತಿಯನ್ನು ಕೇಂದ್ರ ಸೃಷ್ಟಿಸಲಾಗದು. 2021ರ ಜುಲೈನಲ್ಲಿ ಆಮ್ಲಜನಕದ ಕೊರತೆಯಿಂದಾದ ಸಾವುಗಳ ಬಗ್ಗೆ ರಾಜ್ಯಸಭೆಯಲ್ಲಿ ಕೇಳಿದಾಗ ಆರೋಗ್ಯ ಸಚಿವಾಲಯ ಹೇಳಿದ್ದು ಇದನ್ನೇ: ಅಂಥ ಸಾವುಗಳನ್ನು ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲ. ಆ ವಾಕ್ಯ ಸಾವಾಗಿಲ್ಲ ಎನ್ನುವುದಿಲ್ಲ. ವರದಿಯಾಗಿಲ್ಲ ಎನ್ನುತ್ತದೆ, ಅದೂ ‘ನಿರ್ದಿಷ್ಟವಾಗಿ’. ಅದೇ ವರ್ಷದ ಮೇ ಮೊದಲ ವಾರದಲ್ಲಿ ಚಾಮರಾಜನಗರದ ಆಸ್ಪತ್ರೆಯಲ್ಲಿ ಒಂದೇ ದಿನದೊಳಗೆ 24 ರೋಗಿಗಳು ಸತ್ತ ಸುದ್ದಿ ದೇಶಕ್ಕೆಲ್ಲ ಗೊತ್ತಾಗಿತ್ತು. ಕರ್ನಾಟಕ ಹೈಕೋರ್ಟ್ ನೇಮಿಸಿದ ಸಮಿತಿ ಆಮ್ಲಜನಕದ ಕೊರತೆಯತ್ತಲೇ ಬೊಟ್ಟುಮಾಡಿತ್ತು. ಕೇಂದ್ರ ರಾಜ್ಯದ ಕಡೆ ಕೈ ತೋರಿಸಿದ್ದು ತಾಂತ್ರಿಕವಾಗಿ ಸರಿಯಿರಬಹುದು. ಹಾಗಾದರೆ ಪೂರಕ ಪ್ರಶ್ನೆ ಎರಡೂ ಕಡೆ ಕೇಳಬೇಕಾದದ್ದು. ವಿಧಾನಸೌಧದಲ್ಲಿ: ಯಾಕೆ ವರದಿ ಮಾಡಲಿಲ್ಲ? ದೆಹಲಿಯಲ್ಲಿ: ನ್ಯಾಯಾಲಯದ ಸಮಿತಿ ಹೇಳಿದ್ದನ್ನು ಓದಿದ ಮೇಲೂ ರಾಜ್ಯವನ್ನು ಯಾಕೆ ಕೇಳಲಿಲ್ಲ?

ವಿರೋಧ ಪಕ್ಷಗಳ ಪಾಲೂ ಚಿಕ್ಕದಲ್ಲ. ಸದನದ ಬಾವಿಗಿಳಿದು ಘೋಷಣೆ ಕೂಗಿ ಪ್ರಶ್ನೋತ್ತರ ವೇಳೆಯನ್ನು ಕೊಚ್ಚಿಹಾಕುವುದು ಕೋಲು ಕೊಟ್ಟು ಹೊಡೆಸಿಕೊಂಡಂತೆ. ಅದರಿಂದ ಬಚಾವಾಗುವುದು ಸಚಿವರೇ. ಅವರ ಉತ್ತರ ಮೇಜಿನ ಮೇಲೆ ಮಂಡನೆಯಾದಂತೆ ದಾಖಲಾಗುತ್ತದೆ, ಪೂರಕ ಪ್ರಶ್ನೆ ತಪ್ಪುತ್ತದೆ. 2009ರ ನವೆಂಬರ್ 30ರಂದು ಗದ್ದಲವೂ ಇರಲಿಲ್ಲ. ಪ್ರಶ್ನೆ ಕೊಟ್ಟ ಹೆಚ್ಚಿನ ಸದಸ್ಯರು ಬಂದೇ ಇರಲಿಲ್ಲ, ಲೋಕಸಭೆಯ ಪ್ರಶ್ನೋತ್ತರ ವೇಳೆ ಅರ್ಧದಲ್ಲೇ ಮುಗಿಯಿತು. ಪ್ರಶ್ನೆ ಕೇಳಲು ಹಣ ಪಡೆದ ಪ್ರಕರಣದಲ್ಲಿ 2005ರ ಡಿಸೆಂಬರಿನಲ್ಲಿ 11 ಸಂಸದರು ಉಚ್ಚಾಟಿತರಾದದ್ದೂ ಇದೇ ಸಂಸತ್ತಿನಲ್ಲಿ. ಸಂಸದರ ಸಾಧನೆಯನ್ನು ಕೇಳಿದ ಪ್ರಶ್ನೆಗಳ ಎಣಿಕೆಯಿಂದ ಅಳೆಯುವ ಪದ್ಧತಿ ಬಂದ ಮೇಲೆ ಇನ್ನೊಂದು ಚಟ ಸೇರಿದೆ. ಲಿಖಿತ ಪ್ರಶ್ನೆಗಳನ್ನು ರಾಶಿ ಹಾಕಿದರೆ ಅಂಕ ಏರುತ್ತದೆ. ಒಂದೇ ಉತ್ತರದ ಬೆನ್ನು ಹತ್ತಿ ಮೂರು ಅಧಿವೇಶನ ಕಾಡಿದವರಿಗೆ ಅಂಕವಿಲ್ಲ.

ಸರಿಪಡಿಸಲು ಹೊಸ ಸಂಸ್ಥೆ ಬೇಕಿಲ್ಲ. ಲೋಕಸಭೆಯಲ್ಲಿ 1953ರಿಂದ ಸರ್ಕಾರಿ ಭರವಸೆಗಳ ಸಮಿತಿ ಇದೆ. ಸಚಿವರು ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’, ‘ವಿಷಯ ಪರಿಶೀಲನೆಯಲ್ಲಿದೆ’ ಎಂದರೆ ಆ ಮಾತು ಭರವಸೆಯಾಗಿ ದಾಖಲಾಗುತ್ತದೆ. ಮೂರು ತಿಂಗಳಲ್ಲಿ ಈಡೇರಿಸಬೇಕು, ಇಲ್ಲವೇ ಸಮಿತಿಯ ಮುಂದೆ ಕಾರಣ ಹೇಳಬೇಕು. ಯಾವ ಯಾವ ನುಡಿಗಟ್ಟು ಭರವಸೆ ಎಂಬುದಕ್ಕೆ ಒಂದು ಪಟ್ಟಿಯೇ ಇದೆ. ಭಾಷೆಯನ್ನು ಇಷ್ಟು ಗಂಭೀರವಾಗಿ ತೆಗೆದುಕೊಳ್ಳುವ ಸಮಿತಿ ಇನ್ನೊಂದಿರಲಾರದು. ಆದರೆ ಸಚಿವರು ‘ಮಾಹಿತಿ ಇಟ್ಟಿಲ್ಲ’ ಎಂದುಬಿಟ್ಟರೆ ಅವರ ಮೇಲೆ ಇಂಥ ಯಾವ ಭಾರವೂ ಬೀಳುವುದಿಲ್ಲ. ಹುಡುಕಿ ಕೊಡುತ್ತೇನೆ ಎಂದವರಿಗೆ ಗಡುವು, ಹುಡುಕುವುದಿಲ್ಲ ಎಂದವರಿಗೆ ಬಿಡುಗಡೆ. ಜಾಣ ಅಧಿಕಾರಿ ಉತ್ತರ ಬರೆಯುವಾಗ ಯಾವುದನ್ನು ಆರಿಸುತ್ತಾನೆ ಎಂದು ಊಹಿಸುವುದು ಕಷ್ಟವಲ್ಲ.

ಆ ಪಟ್ಟಿಗೆ ಈ ಒಂದು ನುಡಿಗಟ್ಟನ್ನೂ ಸೇರಿಸಬೇಕು. ಅಂಕಿ-ಅಂಶ ಇಟ್ಟಿಲ್ಲ ಎಂದು ಸದನಕ್ಕೆ ಹೇಳಿದ ಸಚಿವರು, ಅದನ್ನು ಯಾವ ಕಾನೂನಿನ ಕೆಳಗೆ ಯಾರು ಇಡಬೇಕಿತ್ತು, ಇನ್ನು ಮುಂದೆ ಇಡುತ್ತಾರೆಯೇ ಎಂಬುದನ್ನು ಮೂರು ತಿಂಗಳಲ್ಲಿ ತಿಳಿಸಬೇಕು. ಇದು ಆಗದ ಮಾತಲ್ಲ. 2021ರಲ್ಲಿ ಸುಪ್ರೀಂ ಕೋರ್ಟ್ ಗಡುವು ಹಾಕಿದ ಮೇಲೆ ಅಸಂಘಟಿತ ಕಾರ್ಮಿಕರ ನೋಂದಣಿಗೆ ಇ-ಶ್ರಮ್ ಪೋರ್ಟಲ್ ಆಗಸ್ಟಿನಲ್ಲೇ ಶುರುವಾಯಿತು. ಕೋರ್ಟು ಮಾಡಿಸಿದ್ದನ್ನು ಸದನವೂ ಮಾಡಿಸಬಹುದಿತ್ತು. ಎರಡನೆಯದಾಗಿ, ಲಿಖಿತ ಉತ್ತರದ ಮೇಲೂ ಅರ್ಧ ಗಂಟೆಯ ಚರ್ಚೆ ಕೇಳುವ ಅವಕಾಶ ಲೋಕಸಭೆಯ ನಿಯಮಗಳಲ್ಲಿ ಈಗಲೇ ಇದೆ. ಸದಸ್ಯರು ಅದನ್ನು ಬಳಸಬೇಕು, ಸ್ಪೀಕರ್ ಅದಕ್ಕೆ ಸಮಯ ಕೊಡಬೇಕು.

ಕರ್ನಾಟಕದ ಹೊರಗಿರುವ ಕನ್ನಡಿಗರಿಗೆ ಇದು ದೂರದ ವಿಷಯವಲ್ಲ. ಪುಣೆಯಲ್ಲಿ ಗಾರೆ ಕೆಲಸ ಮಾಡುವ ಯಾದಗಿರಿಯ ಕಾರ್ಮಿಕನ ಮತ ಊರಿನಲ್ಲಿರುತ್ತದೆ, ಬದುಕು ಪುಣೆಯಲ್ಲಿ. ಒಬ್ಬ ಸಂಸದರಿಗೆ ಅವನು ಕಣ್ಣಿಗೆ ಬೀಳುವುದಿಲ್ಲ, ಇನ್ನೊಬ್ಬರಿಗೆ ಅವನು ಮತದಾರನಲ್ಲ. ಅವನ ಪರವಾಗಿ ಕೇಳಬಲ್ಲವರು ಆ ಊರಲ್ಲೇ ಮತ ಇರುವ, ಸಂಸದರಿಗೆ ಒಂದು ಪತ್ರ ಬರೆಯಬಲ್ಲ ಕನ್ನಡಿಗರು. ಎರಡೂ ಸದನಗಳ ಪ್ರಶ್ನೋತ್ತರಗಳು ಸಂಸತ್ತಿನ ಜಾಲತಾಣದಲ್ಲಿ ಯಾರಿಗಾದರೂ ಸಿಗುತ್ತವೆ. ಪತ್ರದಲ್ಲಿ ಇಂಥ ಒಂದು ಉತ್ತರವನ್ನು ತೋರಿಸಿ, ಅದರ ಮುಂದಿನ ಪ್ರಶ್ನೆಯನ್ನು ಬರೆದುಕೊಟ್ಟರೆ ಸಂಸದರ ಕೆಲಸವೂ ಹಗುರವಾಗುತ್ತದೆ.

ಒಮ್ಮೆ ಉತ್ತರ ಬಂದ ಪ್ರಶ್ನೆಯನ್ನೇ ಮತ್ತೆ ಕೇಳುವಂತಿಲ್ಲ ಎಂಬ ನಿಯಮವಿದೆ. ಆದರೆ 2020ರಲ್ಲಿ ಕೇಳಿದ್ದು ಎಷ್ಟು ಜನ ಸತ್ತರು ಎಂದು. ಅವರ ಲೆಕ್ಕವನ್ನು ಯಾರು ಇಡಬೇಕಿತ್ತು ಎಂಬುದು ಬೇರೆಯೇ ಪ್ರಶ್ನೆ. ಅದನ್ನು ಕೇಳಲು 15 ದಿನಗಳ ನೋಟಿಸ್ ಸಾಕು.