ಬಡವರ ಸಾಲಕ್ಕೆ ಬಂಡವಾಳ ಯಾರದು?

ಬಡವರಿಗೆ ಅಡವಿಲ್ಲದೆ ಸಣ್ಣ ಸಾಲಗಳನ್ನು ಕೊಡುವ ಮೈಕ್ರೋಫೈನಾನ್ಸ್ ಸಂಸ್ಥೆಗಳ ವಿಷಯದಲ್ಲಿ ನಡೆಯುವ ಚರ್ಚೆಯೆಲ್ಲವೂ ಬಡ್ಡಿಯ ದರ, ವಸೂಲಿಯ ರೀತಿ ಎಂಬ ಎರಡು ಸಂಗತಿಗಳ ಸುತ್ತಲೇ ತಿರುಗುತ್ತಿರುವುದು. ಆ ಹಣವು ಸಂಸ್ಥೆಯ ಕೈಗೆ ಎಲ್ಲಿಂದ ಬಂದಿತೆಂದು ಕೇಳುವವರು ವಿರಳ. ದಾನಿಯದಾದರೇನು, ಬ್ಯಾಂಕಿನದಾದರೇನು, ಷೇರುಪೇಟೆಯದಾದರೇನು, ಹಣವು ಬಡವನಿಗೆ ತಲುಪಿದರೆ ಸಾಕು ಎಂಬುದು ಬಲ್ಲವರೆನಿಸಿಕೊಂಡವರ ವಾದ. ಈ ವಾದವು ಕೇಳುವುದಕ್ಕೆ ಹಿತವಾಗಿದ್ದರೂ ಸತ್ಯವಲ್ಲ. ಹಣ ಕೊಟ್ಟವನಿಗೆ ಲೆಕ್ಕವನ್ನು ಒಪ್ಪಿಸಬೇಕಾದುದು ಲೋಕರೂಢಿ. ಆದುದರಿಂದ ಸಂಸ್ಥೆಯು ಯಾರ ಹಣದಿಂದ ನಡೆಯುವುದೋ ಕಡೆಗೆ ಅವರ ಮಾತನ್ನೇ ಕೇಳುವುದು.

ಮೆಕ್ಸಿಕೋ ದೇಶದ ಕಂಪಾರ್ತಾಮೋಸ್ ಎಂಬ ಸಂಸ್ಥೆಯನ್ನು ನೋಡಬಹುದು. 1990ರಲ್ಲಿ ಸೇವಾಸಂಸ್ಥೆಯಾಗಿ ಹುಟ್ಟಿ, ದಾನದ ಹಣದ ಆಸರೆಯಿಂದ ಬೆಳೆದ ಅದು 2000ದಲ್ಲಿ ಕಂಪನಿಯಾಯಿತು. 2007ರ ಏಪ್ರಿಲಿನಲ್ಲಿ ಅದರ ಷೇರುಗಳಲ್ಲಿ ಶೇಕಡ 30ರಷ್ಟು ಪೇಟೆಯಲ್ಲಿ ಮಾರಾಟವಾಗಿ 45 ಕೋಟಿ ಡಾಲರುಗಳಿಗೂ ಹೆಚ್ಚು ಹಣ ಬಂದಿತು. ಬಡ ಹೆಂಗಸರಿಗೆ ಹೊಸ ಬಂಡವಾಳ ದೊರೆಯಿತೆಂದು ಸಂತೋಷಪಡುವುದಕ್ಕೂ ಅಲ್ಲಿ ಆಸ್ಪದವಿರಲಿಲ್ಲ. ಮಾರಿದುದು ಹಳೆಯ ಪಾಲುಗಾರರ ಪಾಲು. ಹಣವೂ ಅವರಿಗೇ ಸಂದಿತು. ಸಂಸ್ಥೆಗೆ ಬಿಡಿಗಾಸೂ ಬರಲಿಲ್ಲ. ಆ ಪಾಲಿಗೆ ಅಷ್ಟು ಬೆಲೆ ಬಂದುದಾದರೂ ಏಕೆ? ಸಾಲಗಾರರು ವರ್ಷಕ್ಕೆ ಶೇಕಡ 80ಕ್ಕೂ ಮೇಲ್ಪಟ್ಟ ಬಡ್ಡಿಯನ್ನು ತೆರುತ್ತಿದ್ದುದರಿಂದಲ್ಲವೆ?

ಭಾರತದ ಅನುಭವವೂ ಇದಕ್ಕಿಂತ ಭಿನ್ನವಲ್ಲ. ಇಲ್ಲಿ ಮೈಕ್ರೋಫೈನಾನ್ಸ್ ಕಂಪನಿಗಳು ಜನರಿಂದ ಠೇವಣಿಯನ್ನು ತೆಗೆದುಕೊಳ್ಳುವಂತಿಲ್ಲ. ಅವುಗಳಿಗೆ ಬ್ಯಾಂಕುಗಳೇ ಮುಖ್ಯ ಆಧಾರ. ಬ್ಯಾಂಕುಗಳು ತಮ್ಮ ಸಾಲದಲ್ಲಿ ಶೇಕಡ 40ನ್ನು ಆದ್ಯತೆಯ ರಂಗಗಳಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ಕಟ್ಟಳೆಯುಂಟು. ಹಳ್ಳಿಹಳ್ಳಿಗೆ ಹೋಗುವ ಶ್ರಮವನ್ನು ತಪ್ಪಿಸಿಕೊಳ್ಳಬಯಸುವ ಬ್ಯಾಂಕು ಈ ಕಂಪನಿಗಳಿಗೆ ಹಣವನ್ನು ಕೊಟ್ಟು ಆ ಲೆಕ್ಕವನ್ನು ತುಂಬಿಕೊಳ್ಳುವುದು. ಬ್ಯಾಂಕು ತನ್ನ ಬಡ್ಡಿಯನ್ನು ಹಾಕುವುದು; ಕಂಪನಿಯು ಅದರ ಮೇಲೆ ತನ್ನ ವೆಚ್ಚವನ್ನೂ ಲಾಭವನ್ನೂ ಸೇರಿಸುವುದು; ಈ ಎಲ್ಲ ಭಾರವೂ ಕಡೆಗೆ ವಾರವಾರ ಕಂತು ಕಟ್ಟುವ ಹೆಣ್ಣುಮಗಳ ತಲೆಯ ಮೇಲೆ ಬೀಳುವುದು. ಪಟ್ಟಣದ ಗೃಹಸ್ಥನು ನಿಶ್ಚಿಂತೆಯಿಂದ ಬ್ಯಾಂಕಿನಲ್ಲಿಟ್ಟ ಠೇವಣಿಯೇ ಹೀಗೆ ರೂಪಾಂತರ ಹೊಂದಿ ಹಳ್ಳಿಯ ಬಾಗಿಲಿಗೆ ಹೋಗಿ ನಿಲ್ಲುವುದು. ಆದುದರಿಂದ ಇದು ವಿದ್ಯಾವಂತರಿಗೆ ಸಂಬಂಧಿಸಿದ ವಿಷಯವಲ್ಲವೆಂದು ಹೇಳುವಂತಿಲ್ಲ.

2010ರಲ್ಲಿ ಎಸ್‌ಕೆಎಸ್ ಎಂಬ ಕಂಪನಿಯು ಷೇರುಪೇಟೆಗೆ ಬಂದು ಸುಮಾರು 1,600 ಕೋಟಿ ರೂಪಾಯಿಗಳ ಷೇರುಗಳು ಮಾರಾಟವಾದವು. ಎರಡು ಮೂರು ತಿಂಗಳೊಳಗೆ, ಅಕ್ಟೋಬರಿನಲ್ಲಿ, ಆಂಧ್ರಪ್ರದೇಶದ ಸರಕಾರವು ಸಾಲಗಾರರ ಆತ್ಮಹತ್ಯೆಗಳ ವರದಿಗಳನ್ನು ಕಂಡು ಸುಗ್ರೀವಾಜ್ಞೆಯನ್ನು ಹೊರಡಿಸಿತು. ಅಲ್ಲಿ ವಸೂಲಿ ನಿಂತಿತು; ಬ್ಯಾಂಕುಗಳು ಬೆದರಿ ಕೈಹಿಡಿದವು. ಆಂಧ್ರದ ಗೊಡವೆಯೇ ಇಲ್ಲದೆ ಬೇರೆ ಪ್ರಾಂತಗಳಲ್ಲಿ ಪ್ರಾಮಾಣಿಕವಾಗಿ ಕಂತು ಕಟ್ಟುತ್ತಿದ್ದವರಿಗೂ ಮುಂದಿನ ಸಾಲ ದೊರೆಯುವುದು ಕಷ್ಟವಾಯಿತು. ಎರವಿನ ಹಣದ ಮೇಲೆ ನಿಂತ ಸಂಸ್ಥೆಯ ಪಾಡು ಇಷ್ಟೇ: ಪೇಟೆಗೆ ಆಸೆ ಹುಟ್ಟಿದಾಗ ಬೇಡವೆಂದವರಿಗೂ ಸಾಲ, ಪೇಟೆಗೆ ಭಯ ಹುಟ್ಟಿದಾಗ ಬೇಕೆಂದವರಿಗೂ ಇಲ್ಲ.

ಹಾಗಾದರೆ ಬೇರೆ ದಾರಿ ಯಾವುದು? ಬಡವರ ಉಳಿತಾಯವೇ ಬಡವರ ಸಾಲಕ್ಕೆ ಮೂಲಧನವಾಗಬೇಕು. ಹೊಟ್ಟೆಗಿಲ್ಲದವನು ಉಳಿಸುವುದೇನನ್ನು ಎಂದು ಇದಕ್ಕೆ ನಗುವವರುಂಟು. ಇಂಡೋನೇಷಿಯದ ಬ್ಯಾಂಕ್ ರಾಕ್ಯಾತ್ ಇದಕ್ಕೆ ಉತ್ತರ ಕೊಟ್ಟಿದೆ. ಸರಕಾರದ ಅಗ್ಗದ ಹಣವನ್ನು ಬತ್ತದ ರೈತರಿಗೆ ಹಂಚಿ, ಅದು ಹಿಂದಿರುಗದೆ ಸೋತಿದ್ದ ಆ ಬ್ಯಾಂಕು 1984ರಲ್ಲಿ ತನ್ನ ಹಳ್ಳಿಯ ಶಾಖೆಗಳನ್ನು ಸುಧಾರಿಸಿತು. 1986ರಲ್ಲಿ ಬೇಕಾದಾಗ ಹಿಂದಕ್ಕೆ ಪಡೆಯಬಹುದಾದ ಉಳಿತಾಯದ ಖಾತೆಯನ್ನು ತೆರೆಯಿತು. ಕೆಲವೇ ವರ್ಷಗಳಲ್ಲಿ ಹಳ್ಳಿಗರ ಠೇವಣಿಯು ಹಳ್ಳಿಗರ ಸಾಲವನ್ನು ಮೀರಿತು. 1997ರಲ್ಲಿ ಆ ದೇಶದ ದೊಡ್ಡ ಬ್ಯಾಂಕುಗಳು ತತ್ತರಿಸಿದಾಗಲೂ ಹಳ್ಳಿಯ ಶಾಖೆಗಳು ನೆಟ್ಟಗೆ ನಿಂತವು. ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕು ಕೂಡ ವಿದೇಶದ ದಾನಿಗಳ ನೆರವಿನಿಂದ ಬೆಳೆದುದಾದರೂ 1995ರಲ್ಲಿ ಇನ್ನು ದಾನ ಬೇಡವೆಂದು ನಿಶ್ಚಯಿಸಿ ಠೇವಣಿಗಳನ್ನೇ ನೆಚ್ಚಿಕೊಂಡಿತು.

ಕನ್ನಡನಾಡಿಗಂತೂ ಈ ತತ್ತ್ವವು ಹೊಸದಲ್ಲ. ಗದಗಿನ ಬಳಿಯ ಕಣಗಿನಹಾಳದಲ್ಲಿ 1905ರಷ್ಟು ಹಿಂದೆಯೇ ಸಿದ್ದನಗೌಡ ಪಾಟೀಲರು ಊರವರನ್ನು ಕೂಡಿಸಿ ಪತ್ತಿನ ಸಹಕಾರಿ ಸಂಘವನ್ನು ಸ್ಥಾಪಿಸಲಿಲ್ಲವೆ? ಮುಂದೆ ಎಷ್ಟೋ ಸಹಕಾರಿ ಸಂಘಗಳು ಪಕ್ಷಪಾತದಿಂದಲೂ ಸಾಲಮನ್ನಾದ ಆಸೆಯಿಂದಲೂ ಕೆಟ್ಟುದು ನಿಜ. ಬಡವರ ಠೇವಣಿಗೆ ಭದ್ರತೆ ಬೇಕೆಂಬುದೂ ನಿಜ. ಆದರೆ ಅದು ಕಟ್ಟುನಿಟ್ಟಾದ ತನಿಖೆಗೆ ಕಾರಣವಾಗಬೇಕೇ ಹೊರತು ತತ್ತ್ವವನ್ನೇ ಕೈಬಿಡುವುದಕ್ಕಲ್ಲ. 2015ರಲ್ಲಿ ರಿಸರ್ವ್ ಬ್ಯಾಂಕು ಕೆಲವು ಮೈಕ್ರೋಫೈನಾನ್ಸ್ ಕಂಪನಿಗಳನ್ನು ಠೇವಣಿ ಪಡೆಯಬಲ್ಲ ಸಣ್ಣ ಬ್ಯಾಂಕುಗಳನ್ನಾಗಿ ಮಾಡಲು ಒಪ್ಪಿದುದು ಆ ದಾರಿಯಲ್ಲಿ ಒಂದು ಹೆಜ್ಜೆ.

2025ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ಹೊರಟ ಸುಗ್ರೀವಾಜ್ಞೆಯು ಬಲಾತ್ಕಾರದ ವಸೂಲಿಗೆ 10 ವರ್ಷಗಳವರೆಗೆ ಸೆರೆವಾಸವನ್ನು ವಿಧಿಸಿತು. ಅದು ಬೇಕಾದುದೇ. ಆದರೆ ಬಾಗಿಲಲ್ಲಿ ನಿಂತು ಗದರಿಸುವವನು ಸಂಬಳದ ಆಳು. ಅವನ ಹಿಂದೆ ಕಂಪನಿಯೂ, ಕಂಪನಿಯ ಹಿಂದೆ ಬ್ಯಾಂಕೂ ಷೇರುದಾರನೂ ನಿಂತಿರುವರು. ಆಳನ್ನು ಮಾತ್ರ ಹಿಡಿದು ಮೂಲವನ್ನು ಬಿಟ್ಟರೆ ನಾಳೆ ಮತ್ತೊಬ್ಬ ಆಳು ಬರುವನು. ಸಾಲ ಪಡೆದವಳೇ ತನ್ನ ಠೇವಣಿಯ ಚೀಟಿಯನ್ನು ಹಿಡಿದು ಸಂಸ್ಥೆಯ ಬಾಗಿಲಿಗೆ ಹೋಗಿ ಲೆಕ್ಕ ಕೇಳುವಂತಾದರೆ, ಆಗ ಅವಳ ಬಾಗಿಲಿನ ಮುಂದಣ ಗದ್ದಲವು ತಾನಾಗಿ ಅಡಗುವುದು.