ಹುಲ್ಲಿನ ಮನೆ, ಕಂತಿನ ಮನೆ

ಹುಲ್ಲಿನ ಪೆಂಡಿಗಳನ್ನ ಇಟ್ಟಿಗೆ ಥರ ಪೇರಿಸಿ, ಎರಡೂ ಕಡೆ ಮಣ್ಣಿನ ಇಲ್ಲಾ ಸುಣ್ಣದ ಗಾರೆ ಮೆತ್ತಿ ಮನೆ ಕಟ್ಟೋದಕ್ಕೆ ಸ್ಟ್ರಾ ಬೇಲ್ ಹೌಸ್ ಅಂತಾರೆ. ನಮ್ಮ ಸಾಫ್ಟ್‌ವೇರ್ ಮಂದಿಗೆ ಇದು ಬಲು ಇಷ್ಟದ ಕನಸು. ಆನ್‌ಸೈಟ್ ಹೋದವರಂತೂ, ಅಲ್ಲೇ ಒಂದೆಕರೆ ತಗೊಂಡು ಗಂಡ ಹೆಂಡತಿ ಸೇರಿ ಕೈಯಾರೆ ಕಟ್ಕೊಂಡ್ರೆ ಹೇಗೆ ಅಂತ ಶುಕ್ರವಾರ ಸಂಜೆ ಮಾತು ತೆಗೀತಾರೆ. ಸೋಮವಾರದ ಹೊತ್ತಿಗೆ ಮರೆತಿರ್ತಾರೆ ಅನ್ನೋದು ಬೇರೆ ಮಾತು :-)

ಚೆಂದದ ಫೋಟೋಗಳಲ್ಲಿ ಕಾಣಿಸದೇ ಇರೋದು ಒಂದಿದೆ, ಅದು ಆ ಮನೆ ಕಟ್ಟೋರ ನಿದ್ದೆಗೇಡು. ಪೆಂಡಿಯಲ್ಲಿ ತೇವ ಶೇಕಡಾ 20 ದಾಟಿದ್ರೆ ಬೂಷ್ಟು ಹಿಡಿಯುತ್ತೆ, ಒಳಗಿಂದೊಳಗೇ ಕೊಳೆಯುತ್ತೆ. ಹಾಗಾಗಿ ಹುಲ್ಲು ಸೈಟಿಗೆ ಬಂದು ಬಿದ್ದ ದಿನದಿಂದ ಸೂರು ಆಗಿ ಗಾರೆ ಒಣಗೋ ತನಕ ಪ್ರತಿ ಮೋಡಕ್ಕೂ ಎದೆ ಹೊಡ್ಕೊಳ್ಳುತ್ತೆ. ವಾರವಿಡೀ ಕೆಲಸ, ಶನಿವಾರ ಭಾನುವಾರ ಗಾರೆ, ರಾತ್ರಿ ಎರಡು ಗಂಟೆಗೆ ಎದ್ದು ಟಾರ್ಪಾಲು ಎಳೆಯೋದು. ಇದರ ಮೇಲೆ ಕಾಗದ ಪತ್ರದ ಕಾಟ. ಅಮೆರಿಕದ ಮಾದರಿ ಕಟ್ಟಡ ನಿಯಮಗಳಲ್ಲಿ ಹುಲ್ಲುಪೆಂಡಿ ಮನೆಗೆ ಒಂದು ಅನುಬಂಧ ಸಿಕ್ಕಿದ್ದೇ 2015ರ ಆವೃತ್ತಿಯಲ್ಲಿ. ಅದಕ್ಕೆ ಮುಂಚೆ ಬಹಳ ಕಡೆ ಸ್ಥಳೀಯ ಅಧಿಕಾರಿಯನ್ನ ಒಬ್ಬೊಬ್ಬರೇ ಒಪ್ಪಿಸಬೇಕಿತ್ತು. ಬ್ಯಾಂಕು ಸಾಲವನ್ನ ಒಂದೇ ಸಲ ಕೊಡಲ್ಲ, ಇನ್‌ಸ್ಪೆಕ್ಟರ್ ಬಂದು ನೋಡಿ ಹೂಂ ಅಂದ ಮೇಲೆ ಮುಂದಿನ ಕಂತು. ಅಷ್ಟರಲ್ಲಿ ಬಾಡಿಗೆಯೂ ಕಟ್ಟಬೇಕು, ಬಡ್ಡಿಯೂ ಕಟ್ಟಬೇಕು. ಗಂಡ ಹೆಂಡತಿ ಜಗಳ ಆಗದೇ ಇದ್ರೆ ಅದೇ ಆಶ್ಚರ್ಯ.

ಆದ್ರೆ ಈ ಮನೆಗಳು ಹುಟ್ಟಿದ್ದು ಯಾರದೋ ಶೋಕಿಯಿಂದಲ್ಲ. ಅಮೆರಿಕದ ನೆಬ್ರಾಸ್ಕಾದಲ್ಲಿ ಸ್ಯಾಂಡ್ ಹಿಲ್ಸ್ ಅಂತ ಒಂದು ಸೀಮೆ. ಬರೀ ಹುಲ್ಲು, ಮರ ಇಲ್ಲ, ಮಣ್ಣೋ ಮರಳು. ಹುಲ್ಲು ಒತ್ತಿ ಪೆಂಡಿ ಕಟ್ಟೋ ಯಂತ್ರ ಬಂದಿತ್ತು. ಹತ್ತೊಂಬತ್ತನೇ ಶತಮಾನದ ಕೊನೆಗೆ ಅಲ್ಲಿ ನೆಲೆಸಿದವರು ಬೇರೆ ದಾರಿ ಕಾಣದೆ ಅದನ್ನೇ ಪೇರಿಸಿದ್ರು. ಆರ್ಥರ್ ಅನ್ನೋ ಊರಲ್ಲಿ 1928ರಲ್ಲಿ ಹಾಗೆ ಕಟ್ಟಿದ ಚರ್ಚು ಇವತ್ತಿಗೂ ನಿಂತಿದೆ.

ಇದನ್ನ ಓದಿದಾಗ ನನಗೆ ನೆನಪಾಗಿದ್ದು ಚಳ್ಳಕೆರೆ ಸೀಮೆಯ ವರವು ಕಾವಲ್. ಅದೂ ಹುಲ್ಲುಗಾವಲೇ. ಮೈಸೂರು ಅರಸರ ಬೆಣ್ಣೆ ಚಾವಡಿ, ಆಮೇಲೆ ಟಿಪ್ಪು ಹೆಸರಿಟ್ಟ ಅಮೃತ ಮಹಲ್, ಆ ದನಗಳಿಗೆ ಅಂತ ಬಿಟ್ಟ ಕಾವಲುಗಳ ಸಾಲಿಗೆ ಸೇರಿದ್ದು. ವರ್ಷಕ್ಕೆ 500 ಮಿ.ಮೀ. ಮಳೆಯೂ ಬೀಳದ ಸೀಮೆ. ಸುತ್ತ ಮ್ಯಾಸ ನಾಯಕರ ಹಟ್ಟಿ, ಗೊಲ್ಲರ ಹಟ್ಟಿ, ಕುರಿ, ಕಂಬಳಿ. ಬಾದೆ ಹುಲ್ಲು ಹೊದಿಸಿದ ಗುಡ್ಲು ಬಡವರದ್ದು, ತೊಲೆ ಜಂತೆ ಇಟ್ಟು ಕರಲು ಮಣ್ಣು ಹಾಕಿದ ಮಾಳಿಗೆ ಮನೆ ಸ್ವಲ್ಪ ಇದ್ದವರದ್ದು. ಕರಲು ಮಣ್ಣಿನ ಮಾಳಿಗೆಯನ್ನ ಮಳೆಗಾಲಕ್ಕೆ ಮುಂಚೆ ಆಗಾಗ ಹದ ಮಾಡ್ತಿದ್ರೆ ಸೋರಲ್ಲ, ಬೇಸಿಗೆಯಲ್ಲಿ ಒಳಗೆ ತಂಪು.

ವರವು ಕಾವಲಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಎಕರೆ ಡಿಆರ್‌ಡಿಒಗೆ ಹೋಯ್ತು, ಪಕ್ಕದ ಕುದಾಪುರದಲ್ಲಿ 1500 ಎಕರೆ ಐಐಎಸ್‌ಸಿಗೆ. ಊರಿನವರು, ಪರಿಸರದವರು ಹಸಿರು ನ್ಯಾಯಮಂಡಳಿಗೆ ಹೋದ್ರು. 2014ರ ಆಗಸ್ಟ್‌ನಲ್ಲಿ ಅದು ಕೆಲವು ಷರತ್ತು ಹಾಕಿ ಯೋಜನೆಗಳನ್ನ ಮುಂದುವರಿಯೋಕೆ ಬಿಟ್ಟಿತು. 2017ರಲ್ಲಿ ಡಿಆರ್‌ಡಿಒ ಪರೀಕ್ಷಾ ವಲಯದ ಉದ್ಘಾಟನೆ ಆಯ್ತು. ಇಸ್ರೋದ ಪುಷ್ಪಕ್ ವಾಹನ 2023ರಲ್ಲಿ ಒಂದು ಸಲ, 2024ರಲ್ಲಿ ಎರಡು ಸಲ ಇಲ್ಲೇ ತಾನಾಗೇ ಇಳೀತು. ಇಂಜಿನಿಯರ್ ಆಗಿ ಆ ವಿಡಿಯೋಗಳನ್ನ ಎಷ್ಟು ಸಲ ನೋಡಿದೀನೋ ಲೆಕ್ಕವಿಲ್ಲ, ಹೆಮ್ಮೆಯೂ ಇದೆ. ಆದ್ರೆ ಗುಡ್ಲಿಗೆ ಬೇಕಾದ ಹುಲ್ಲು, ಪೊರಕೆ ಕಟ್ಟೋ ಹಂಚಿಕಡ್ಡಿ ಬೇಲಿಯ ಆಚೆ ಉಳೀತು ಅನ್ನೋದೂ ನಿಜ.

ಈಗ ಹಟ್ಟಿಗಳಲ್ಲಿ ಏಳ್ತಿರೋದು ಯೋಜನೆಯ ಮನೆಗಳು. ಸ್ವಂತ ಕೈಯಾರೆ ಮನೆ ಕಟ್ಟೋ ಒತ್ತಡ ಅಂದ್ರೆ ನೆಬ್ರಾಸ್ಕಾ ತನಕ ಯಾಕೆ ಹೋಗ್ಬೇಕು? ಪ್ರಧಾನಮಂತ್ರಿ ಆವಾಸ್ ಗ್ರಾಮೀಣದಲ್ಲಿ ಬಯಲುಸೀಮೆಗೆ ಕೇಂದ್ರ ನಿಗದಿ ಮಾಡಿದ್ದು 1.20 ಲಕ್ಷ ರೂಪಾಯಿ, ಕನಿಷ್ಠ 25 ಚದರ ಮೀಟರ್ ಮನೆ. ಕಟ್ಟೋ ಜವಾಬ್ದಾರಿ ಫಲಾನುಭವಿಯದ್ದೇ. ಪಾಯ ಆದ ಮೇಲೆ ಫೋಟೋ, ಗೋಡೆ ಆದ ಮೇಲೆ ಫೋಟೋ, ಸೂರು ಆದ ಮೇಲೆ ಫೋಟೋ, ಜಾಗದ ಅಕ್ಷಾಂಶ ರೇಖಾಂಶ ಸಮೇತ ಅಪ್‌ಲೋಡ್ ಆದ್ರೇನೇ ಬಿಲ್ಲು. ಪಾಯಕ್ಕೆ ದುಡ್ಡು ಎಲ್ಲಿಂದ? ಕೈಸಾಲ. ಬಿಲ್ಲು ತಡವಾದ್ರೆ? ಬಡ್ಡಿ, ಇಲ್ಲಾ ಎರಡು ಕುರಿ ಮಾರೋದು. ಲಿಂಟಲ್ ಮಟ್ಟಕ್ಕೆ ನಿಂತು, ಒಳಗೆ ಜಾಲಿ ಬೆಳೆದಿರೋ ಗೋಡೆಗಳನ್ನ ನೀವೂ ನೋಡಿರ್ತೀರಿ. ಅಲ್ಲಿನ ಬ್ಯಾಂಕ್ ಕಂತು, ಇಲ್ಲಿನ ಬಿಲ್ಲು, ಎರಡರ ಲಾಜಿಕ್ ಒಂದೇ. ವ್ಯತ್ಯಾಸ ಏನಂದ್ರೆ ಅವನಿಗೆ ತಿಂಗಳ ಸಂಬಳ ಬರುತ್ತೆ, ಇವನು ಮನೆ ಕೆಲಸಕ್ಕೆ ನಿಂತ ದಿನ ಕೂಲಿ ಹೋಯ್ತು.

ಹಾಗಾದ್ರೆ ಇಲ್ಲೂ ಹುಲ್ಲುಪೆಂಡಿ ಮನೆ ಕಟ್ಟಿದ್ರೆ ಅಗ್ಗ ಅಲ್ವಾ ಅಂತ ನನ್ನ ಗೆಳೆಯನೊಬ್ಬ ಕೇಳಿದ. 2005ರ ಭೂಕಂಪದ ಮೇಲೆ ಉತ್ತರ ಪಾಕಿಸ್ತಾನದಲ್ಲಿ ಕೈಯಿಂದ ಒತ್ತಿದ ಸಣ್ಣ ಪೆಂಡಿಗಳಲ್ಲಿ ಮನೆ ಕಟ್ಟಿದ್ದುಂಟು, ನಿಜ. ಚಳ್ಳಕೆರೆಗೆ ಮಾತ್ರ ಬೇಡ ಅಂತೀನಿ. ಲೆಕ್ಕ ನೋಡಿ. ಸಣ್ಣ ಮನೆಗೆ 300 ಪೆಂಡಿ, ಒಂದೊಂದು 20 ಕೆ.ಜಿ. ಅಂದ್ರೂ ಆರು ಟನ್. ಒಂದು ಎತ್ತಿಗೆ ದಿನಕ್ಕೆ ಆರು ಕೆ.ಜಿ. ಒಣಮೇವು ಅಂತ ಹಿಡಿದ್ರೆ ಜೋಡೆತ್ತಿಗೆ 500 ದಿನದ ಮೇವನ್ನ ಗೋಡೆಯೊಳಗೆ ಹೂತಂಗಾಯ್ತು! ಅಮೆರಿಕದಲ್ಲಿ ಗೋಧಿ ಕೊಯ್ದ ಮೇಲೆ ಹುಲ್ಲು ಮಿಗುತ್ತೆ. ಇಲ್ಲಿ ಬರ ಬಂದ ವರ್ಷ ಗೋಶಾಲೆ ತೆಗೀಬೇಕು, ದೇವರ ಎತ್ತುಗಳಿಗೆ ಮೇವು ಕೊಡಿ ಅಂತ ಕಿಲಾರಿಗಳು ಕೈಯೊಡ್ಡಬೇಕು. ಅಂಥ ಕಡೆ ಹುಲ್ಲಿನ ಗೋಡೆ ಕಟ್ಟೋಕೆ ಹೋದ್ರೆ ಊರಿನವರು ಬೈದು ಕಳಿಸ್ತಾರೆ, ಬೈಬೇಕು ಕೂಡ.

ಇಲ್ಲಿ ಮಿಗೋದು ಮಣ್ಣು. ಮಣ್ಣಿನ ಮನೆ ಅಂದ್ರೆ ಎಲ್ಲರಿಗೂ ಕಣ್ಣಮುಂದೆ ಬರೋದು ಮಳೆಗೆ ಕುಸಿದ ಗೋಡೆ. ಮಣ್ಣಿಗೆ ಒಂಚೂರು ಸಿಮೆಂಟು ಬೆರೆಸಿ ಒತ್ತಿ ಮಾಡೋ ಬ್ಲಾಕು ಹಾಗಲ್ಲ. ಅದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದು 1974ರಲ್ಲಿ ಐಐಎಸ್‌ಸಿಯಲ್ಲೇ ಶುರುವಾದ ಅಸ್ತ್ರ ಕೇಂದ್ರ, ಕೆ.ಎಸ್. ಜಗದೀಶ್ ಮುಂತಾದವರು. ಬೆಂಗಳೂರಲ್ಲಿ ಇವತ್ತು ದುಡ್ಡಿದ್ದವರು ಆ ಬ್ಲಾಕಲ್ಲಿ ಮನೆ ಕಟ್ಟಿ ಗೃಹಪ್ರವೇಶಕ್ಕೆ ಕರೀತಾರೆ. ಅದೇ ಸಂಸ್ಥೆಯ ಕಾಂಪೌಂಡು ಈಗ ಹಟ್ಟಿಗಳ ಪಕ್ಕದಲ್ಲೇ ಇದೆ. ಮೇಷ್ಟ್ರುಗಳಿಗೆ ತರಬೇತಿ ಕೊಡ್ತಿರೋ ಆ ಕ್ಯಾಂಪಸ್ಸಿನಲ್ಲಿ ಮೇಸ್ತ್ರಿಗಳಿಗೂ ಒಂದು ತಿಂಗಳ ತರಬೇತಿ, ಹಟ್ಟಿಗೊಂದು ಬ್ಲಾಕ್ ಒತ್ತೋ ಯಂತ್ರ ಅಂತ ಮಾಡಿದ್ರೆ ಎಂಥಾ ದೊಡ್ಡ ಖರ್ಚು? ಜೊತೆಗೆ ಪಾಯಕ್ಕೆ ಮುಂಚೆಯೇ ಮೊದಲ ಕಂತು ಪೂರ್ತಿ ಕೈಗೆ ಸಿಗಬೇಕು. ನನ್ನ ಪ್ರಕಾರ ಇವೆರಡು ಆದ್ರೆ ಅರ್ಧ ಕೈಸಾಲ ತಪ್ಪುತ್ತೆ.

ಇನ್ನೊಂದು ವಿಷಯ. ಚನ್ನಮ್ಮನಾಗತಿಹಳ್ಳಿ ಹತ್ತಿರ ಕಾಡುಗೊಲ್ಲರ ಕ್ಯಾತಪ್ಪನ ಜಾತ್ರೆ ನಡೆಯುತ್ತೆ. ಬಾರೆ ಮುಳ್ಳನ್ನ ಒಟ್ಟಿ ದೇವರಿಗೆ ಎತ್ತರದ ಗುಡಿ ಕಟ್ಟಿ, ಬರಿಗಾಲಲ್ಲಿ ಮುಳ್ಳು ಹತ್ತಿ ಕಳಶ ಇಳಿಸ್ತಾರೆ. ನನಗೆ ಕಳಶಕ್ಕಿಂತ ಆ ಗುಡಿ ಕಟ್ಟೋದೇ ದೊಡ್ಡದಾಗಿ ಕಾಣುತ್ತೆ. ಇಂಜಿನಿಯರ್ ಇಲ್ಲ, ಬಿಲ್ಲಿಲ್ಲ, ಇಡೀ ಕಟ್ಟೆಮನೆಯವರ ಕೈ ಇರುತ್ತೆ. ಹಿಂದೆ ಗುಡ್ಲು ಹೊದಿಸೋದೂ ಮುಯ್ಯಾಳಲ್ಲೇ ನಡೀತಿತ್ತು. ಈಗ ಫಲಾನುಭವಿ ಅಂದ್ರೆ ಒಬ್ಬರ ಹೆಸರು, ಒಂದು ಖಾತೆ. ಅಲ್ಲಿ ವೀಕೆಂಡಿನಲ್ಲಿ ಒಬ್ಬನೇ ಟಾರ್ಪಾಲು ಎಳೆಯೋನೂ ಇದೇ ಪಾಡಿನಲ್ಲಿದಾನೆ.

ನಿಮ್ಮಲ್ಲಿ ಯಾರಾದ್ರೂ ಚಳ್ಳಕೆರೆ, ಮೊಳಕಾಲ್ಮೂರು ಕಡೆಯವರಿದ್ರೆ ಒಂದು ಪ್ರಶ್ನೆ. ಕರಲು ಮಣ್ಣಿನ ಮಾಳಿಗೆ ಹಾಕೋಕೆ ಗೊತ್ತಿರೋ ಹಿರಿಯರು ಈಗ ಯಾವ್ಯಾವ ಹಟ್ಟಿಯಲ್ಲಿ ಸಿಗ್ತಾರೆ? ಊರಿನ ಹೆಸರು ತಿಳಿಸಿದ್ರೆ ಸಾಕು, ಹೋಗಿ ಮಾತಾಡಿಸ್ಕೊಂಡು ಬರ್ತೀನಿ.